ಜಾಬ್ ಅಪ್ಲಿಕೇಶನ್‌ನಲ್ಲಿ ಸಿಇಟಿ ರ‍್ಯಾಂಕ್ ತುಂಬುವವರೇ, ಸ್ವಲ್ಪ ಹುಷಾರು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯಿಂದ ಬಿಇ ಮುಗಿಸಿ ಬೆಂಗಳೂರಿನ ಕಂಪನಿಗಳಿಗೆ ಅಪ್ಲೈ ಮಾಡುತ್ತಿರುವವರು ಇದನ್ನು ಪೂರ್ತಿ ಓದಿ. ಕೈಗೆ ಬಂದಿದ್ದ ಒಂದು ಆಫರ್ ಲೆಟರ್ ನನ್ನ ಕೈ ತಪ್ಪಿತು. ಇಂಟರ್‌ವ್ಯೂನಲ್ಲಿ ಫೇಲಾಗಿ ಅಲ್ಲ. ಪಿಯುಸಿ ಮುಗಿಸಿದಾಗ ಬರೆದ ಸಿಇಟಿಯ ರ‍್ಯಾಂಕನ್ನು ಕನ್ಸಲ್ಟೆನ್ಸಿಯವನು ತನಗೆ ತೋಚಿದ ಹಾಗೆ ತುಂಬಿದ್ದರಿಂದ.

ನಾನು ಬಿಇ ಮುಗಿಸಿದ್ದು 2023ರಲ್ಲಿ. ಐಟಿ ಕಂಪನಿಗಳು ಫ್ರೆಶರ್‌ಗಳನ್ನು ತೆಗೆದುಕೊಳ್ಳೋದನ್ನೇ ಕಡಿಮೆ ಮಾಡಿದ್ದ ವರ್ಷ ಅದು. ಶಿವಮೊಗ್ಗದಲ್ಲೇ ಒಂದು ಸಣ್ಣ ಆಫೀಸಿಗೆ ಸೇರಿಕೊಂಡೆ. ಸಂಜೆ ಹೊತ್ತು ಪೈಥಾನ್, ಎಸ್‌ಕ್ಯೂಎಲ್ ಕಲಿಯುತ್ತಾ ಫೈನಾನ್ಸ್ ಕಂಪನಿಗಳ ಡೇಟಾ ಅನಲಿಸ್ಟ್ ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೆ. ಅಲ್ಲಿ ಒಂದು ಹುದ್ದೆಗೆ ಎಷ್ಟು ಜನ ಮುಗಿಬೀಳುತ್ತಾರೆ ಅಂತ ನಿಮಗೇ ಗೊತ್ತು. ಊರಿನ ಕನ್ಸಲ್ಟೆನ್ಸಿಯೊಂದರವರು, ಅಂಥ ಒಂದು ಕಂಪನಿಯ ಅಪ್ಲಿಕೇಶನ್ ಲಿಂಕ್ ತಮ್ಮ ಮೂಲಕ ಮಾತ್ರ ಸಿಗೋದು ಎಂದರು. ರಿಜಿಸ್ಟ್ರೇಷನ್ ಅಂತ 3,500 ರೂಪಾಯಿ. ಹತ್ತನೇ ಕ್ಲಾಸಿನಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡ್ ಕೇಳಿದರು. ಜೊತೆಗೆ ಸಿಇಟಿ ರಿಸಲ್ಟ್ ಶೀಟ್. ಸಿಇಟಿ ಯಾಕೆ ಅಂತ ಕೇಳಿದೆ. "ದೊಡ್ಡ ಕಂಪನಿಯವ್ರು ಎಲ್ಲಾ ಕೇಳ್ತಾರೆ ಮಾರಾಯ, ಫಾರ್ಮಲ್ಲಿ ಕಾಲಂ ಇರುತ್ತೆ" ಎಂದ ಅಲ್ಲಿದ್ದವನು.

ಕಾಲಂ ಇರೋದು ಸುಳ್ಳಲ್ಲ. ಜಾಸ್ತಿ ಪೈಪೋಟಿ ಇರುವ ಕಡೆ ಕೇಳುತ್ತಾರೆ. ಸಾವಿರಾರು ಅರ್ಜಿ ಬಂದಾಗ ಒಂದೊಂದು ಕಾಲೇಜಿನ ಸಿಜಿಪಿಎ ಒಂದೊಂದು ಥರ ಇರುತ್ತದೆ. ಎಲ್ಲರೂ ಬರೆದ ಒಂದೇ ಪರೀಕ್ಷೆ ಅಂದರೆ ಎಂಟ್ರೆನ್ಸು. ಅದನ್ನಿಟ್ಟು ಒಂದಷ್ಟು ಜನರನ್ನು ಮೊದಲೇ ಹೊರಗೆ ಹಾಕಬಹುದು ಅನ್ನೋದು ಅವರ ಲೆಕ್ಕ. ಅಮೆರಿಕದಲ್ಲಿ ಕನ್ಸಲ್ಟಿಂಗ್, ಬ್ಯಾಂಕಿಂಗ್ ಕಂಪನಿಗಳು ಕಾಲೇಜು ಸೇರುವ ಮೊದಲು ಬರೆದ ಎಸ್‌ಎಟಿ ಅಂಕವನ್ನು ಕೆಲಸಕ್ಕೆ ಸೇರುವಾಗಲೂ ಕೇಳುತ್ತವೆ ಅಂತ 2014ರಲ್ಲೇ ಪೇಪರಿನಲ್ಲಿ ಬಂದಿತ್ತು. ಅದಕ್ಕೂ ಒಂದು ವರ್ಷ ಮೊದಲು, ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್ ಇಂಥ ಅಂಕಗಳಿಂದ ಕೆಲಸಕ್ಕೆ ಯಾರು ಸರಿ ಅಂತ ಗೊತ್ತಾಗಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. ಆದರೂ ಕಾಲಂ ಹೋಗಿಲ್ಲ.

ಈಗ ನನ್ನ ಸಿಇಟಿ ಶೀಟಿನ ವಿಷಯ. ಎಡವಟ್ಟು ಶುರುವಾಗಿದ್ದೇ ಅಲ್ಲಿ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಡುವ ಶೀಟಿನಲ್ಲಿ ಒಂದೇ ರ‍್ಯಾಂಕ್ ಇರಲ್ಲ. ಇಂಜಿನಿಯರಿಂಗ್‌ಗೆ ಒಂದು, ಬಿಎಸ್ಸಿ ಅಗ್ರಿಗೆ ಒಂದು, ವೆಟರ್ನರಿಗೆ ಒಂದು, ಬಿ ಫಾರ್ಮಾಗೆ ಒಂದು, ಹೀಗೆ ಸಾಲು ಸಾಲು. ನಮ್ಮ ಕಡೆ ಅಡಿಕೆ ತೋಟ ಇರುವ ಮನೆಯ ಮಕ್ಕಳು ಪಿಸಿಎಂಬಿ ತಗೊಂಡಿದ್ದರೆ ಕೃಷಿಕರ ಕೋಟಾಕ್ಕೂ ಅರ್ಜಿ ಹಾಕದೇ ಬಿಡಲ್ಲ, ಅಲ್ವಾ? ನಾನೂ 2019ರಲ್ಲಿ ಹಾಕಿದ್ದೆ. ಅದಕ್ಕೆ ಬೇರೆ ಪ್ರಾಕ್ಟಿಕಲ್ ಇರುತ್ತದೆ. ಮೇಜಿನ ಮೇಲೆ ಕಾಳು, ಗೊಬ್ಬರ, ಕಳೆ ಗಿಡ, ಸಣ್ಣಪುಟ್ಟ ಉಪಕರಣ ಸಾಲಾಗಿ ಇಟ್ಟಿರುತ್ತಾರೆ. ನೋಡಿ ಗುರುತಿಸಬೇಕು. ತೋಟದಲ್ಲಿ ಅಜ್ಜನ ಹಿಂದೆ ತಿರುಗಿದ್ದು ಅಲ್ಲಿ ಕೆಲಸಕ್ಕೆ ಬಂತು. ಆ ಪ್ರಾಕ್ಟಿಕಲ್ ಅಂಕ ಸೇರಿಸಿ ಕೊಡುವ ಅಗ್ರಿ ರ‍್ಯಾಂಕ್ ನನಗೆ 412 ಬಂದಿತ್ತು. ಇಂಜಿನಿಯರಿಂಗ್ ರ‍್ಯಾಂಕ್ ಹದಿನಾಲ್ಕು ಸಾವಿರ ದಾಟಿತ್ತು. ಕಡೆಗೆ ಸೇರಿದ್ದು ಬಿಇಗೆ.

ಕನ್ಸಲ್ಟೆನ್ಸಿಗೆ ನಾನು ಕೊಟ್ಟ ರೆಸ್ಯೂಮೆಯಲ್ಲಿ ಸಿಇಟಿ ಮಾತೇ ಇರಲಿಲ್ಲ. ಅವರು ತುಂಬಿದ ಆನ್‌ಲೈನ್ ಫಾರ್ಮ್‌ನಲ್ಲಿ ಇತ್ತು. "ಇಂಜಿನಿಯರಿಂಗ್ ಎಂಟ್ರೆನ್ಸ್ ರ‍್ಯಾಂಕ್" ಎಂಬ ಕಾಲಂನ ಎದುರು 412. ಶೀಟಿನಲ್ಲಿ ಕಣ್ಣಿಗೆ ಬಿದ್ದ ಚಿಕ್ಕ ನಂಬರನ್ನು ಎತ್ತಿ ಅಲ್ಲಿ ಇಟ್ಟಿದ್ದರು. ಕೆಳಗೆ, ಮೇಲಿನ ಮಾಹಿತಿಯೆಲ್ಲ ಸತ್ಯ, ಸುಳ್ಳು ಅಂತ ಕಂಡರೆ ಯಾವಾಗ ಬೇಕಾದರೂ ತೆಗೆದುಹಾಕಬಹುದು ಎಂಬ ಘೋಷಣೆ. ಅದಕ್ಕೆ ಟಿಕ್. ನನ್ನ ಹೆಸರಿನಲ್ಲಿ.

ಇದೆಲ್ಲ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಯಾಕಂದ್ರೆ ಅಪ್ಲಿಕೇಶನ್ ಅಕೌಂಟ್ ತೆರೆದಿದ್ದು ಅವರೇ ಮಾಡಿದ ಇಮೇಲ್ ಐಡಿಯಿಂದ. ಫಾರ್ಮಿನ ಕಾಪಿ ಕೇಳಿದರೆ "ಸಬ್‌ಮಿಟ್ ಆಗಿದೆ, ತಲೆ ಕೆಡಿಸ್ಕೋಬೇಡಿ" ಅನ್ನುವ ಉತ್ತರ. ಇಂಟರ್‌ವ್ಯೂ ಕರೆ ಫೋನಿಗೇ ಬಂತು. ಚೆನ್ನಾಗಿ ಆಯಿತು, ಪ್ರಾಜೆಕ್ಟ್ ಬಗ್ಗೆ ಒಳ್ಳೊಳ್ಳೆ ಪ್ರಶ್ನೆ ಕೇಳಿದರು. ಆಫರ್ ಕೊಟ್ಟರು. ನಾನು ಶಿವಮೊಗ್ಗದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಬಂದೆ.

ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಇದನ್ನು ಕಂಪನಿಯವರೇ ಮಾಡಲ್ಲ, ಬೇರೆ ಏಜೆನ್ಸಿಗೆ ಕೊಡುತ್ತಾರೆ. ಅಲ್ಲಿ ಕೂತವರಿಗೆ ನಿಮ್ಮ ಪ್ರತಿಭೆ ಬೇಕಾಗಿಲ್ಲ. ಫಾರ್ಮಿನಲ್ಲಿರುವ ನಂಬರ್ ಮತ್ತು ದಾಖಲೆಯಲ್ಲಿರುವ ನಂಬರ್ ಹೊಂದುತ್ತಾ ಇಲ್ವಾ, ಅಷ್ಟೇ ನೋಡೋದು. ನನ್ನದು ಹೊಂದಲಿಲ್ಲ. ವಿವರಣೆ ಕೊಡಿ ಅಂತ ಅವರು ಕಳಿಸಿದ ಮೇಲ್ ಹೋಗಿದ್ದು ಕನ್ಸಲ್ಟೆನ್ಸಿಯ ಆ ಐಡಿಗೆ. ಅದನ್ನು ಯಾರೂ ನನಗೆ ಹೇಳಲಿಲ್ಲ. ಗಡುವು ಮುಗಿಯಿತು. ಎಚ್‌ಆರ್ ಫೋನ್ ಮಾಡಿದಾಗ ಜುಲೈ ಮಳೆ. ನಮ್ಮಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ, ಛತ್ರಿ ಹಿಡಿದು ತೋಟದ ಮೇಲಿನ ದರೆ ಹತ್ತಿ ಮಾತಾಡಿದೆ. ಆಕೆ ಜೋರು ಮಾಡಲಿಲ್ಲ, ಅದೇ ಇನ್ನೂ ಕಷ್ಟ ಆಯಿತು. "ಇಂಜಿನಿಯರಿಂಗ್ ರ‍್ಯಾಂಕ್ 412 ಅಂತ ಹಾಕಿದೀರಿ, ಶೀಟ್‌ನಲ್ಲಿ ಬೇರೆ ಇದೆಯಲ್ಲ" ಎಂದರು. ನಾನು ಕೃಷಿಕರ ಕೋಟಾ, ಪ್ರಾಕ್ಟಿಕಲ್, ಕನ್ಸಲ್ಟೆನ್ಸಿ ಎಲ್ಲ ವಿವರಿಸಿದೆ. ನನ್ನ ಮೂಲ ರೆಸ್ಯೂಮೆಯನ್ನೂ, ಅದನ್ನು ಕನ್ಸಲ್ಟೆನ್ಸಿಗೆ ಕಳಿಸಿದ ವಾಟ್ಸ್ಆ್ಯಪ್ ಮೆಸೇಜನ್ನೂ ಮೇಲ್ ಮಾಡಿದೆ. ನಿಮ್ಮ ಪರಿಸ್ಥಿತಿ ಅರ್ಥ ಆಗುತ್ತದೆ, ಆದರೆ ಘೋಷಣೆ ನಿಮ್ಮ ಹೆಸರಿನಲ್ಲಿದೆ ಎಂದು ಉತ್ತರ ಬಂತು. ಆಫರ್ ವಾಪಸ್.

ವಿಚಿತ್ರ ಏನು ಗೊತ್ತಾ? ಆ ಕಾಲಂಗೆ ಸ್ಟಾರ್ ಗುರುತೇ ಇರಲಿಲ್ಲ. ಖಾಲಿ ಬಿಡಬಹುದಿತ್ತು. ಹದಿನಾಲ್ಕು ಸಾವಿರ ಅಂತ ಹಾಕಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಆ ಎಚ್‌ಆರ್ ಅವರೇ ಹೇಳಿದರು.

ಕನ್ಸಲ್ಟೆನ್ಸಿಗೆ ಹೋಗಿ ಕೇಳಿದರೆ "ಎಲ್ಲರೂ ಬೆಸ್ಟ್ ರ‍್ಯಾಂಕೇ ಹಾಕೋದು, ನಾವು ನಿಮ್ ಒಳ್ಳೇದಕ್ಕೇ ಮಾಡಿದ್ದು" ಅಂದರು. ದುಡ್ಡು ವಾಪಸ್ ಇಲ್ಲ. ಒಂದು ವಿಷಯ ಈಗ ಹೇಳಿಬಿಡುತ್ತೇನೆ: ಸರಿಯಾದ ರಿಕ್ರೂಟರ್‌ಗಳು ದುಡ್ಡು ತಗೊಳ್ಳೋದು ಕಂಪನಿಯಿಂದ, ಕೆಲಸ ಹುಡುಕುವವರಿಂದ ಅಲ್ಲ. ರಿಜಿಸ್ಟ್ರೇಷನ್ ಫೀಸ್ ಅಂದ ಕೂಡಲೇ ಎದ್ದು ಬನ್ನಿ. ಅಕೌಂಟ್ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಪಾಸ್‌ವರ್ಡ್‌ನಲ್ಲಿ ಇರಲಿ. ಸಬ್‌ಮಿಟ್ ಒತ್ತುವ ಮೊದಲು ಪ್ರತಿ ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈಗಾಗಲೇ ಇಂಥವರ ಮೂಲಕ ಹಾಕಿದ್ದರೆ ಆ ಕಂಪನಿಯ ಎಚ್‌ಆರ್‌ಗೆ ನೀವೇ ಬರೆದು ಫಾರ್ಮಿನ ಕಾಪಿ ಕೇಳಿ. ತಪ್ಪಿದ್ದರೆ ವೆರಿಫಿಕೇಶನ್‌ಗೆ ಮುಂಚೆ ನೀವಾಗೇ ತಿದ್ದಿಸಿದರೆ ಬೇರೆ ಮಾತು. ಅವರು ಕಂಡುಹಿಡಿದ ಮೇಲೆ ನೀವು ಏನು ಹೇಳಿದರೂ ನೆಪದ ಹಾಗೆ ಕೇಳಿಸುತ್ತದೆ.

ಇನ್ನು ರ‍್ಯಾಂಕ್ ಹಾಕಬೇಕಾ ಬೇಡ್ವಾ? ಕೇಳದೇ ಇದ್ದರೆ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಒಳ್ಳೆ ರ‍್ಯಾಂಕ್ ಇದ್ದರೂ ಅಷ್ಟೇ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್ ಅಂದರೆ ಬರೀ ಸಿಇಟಿ ಅಲ್ಲ, ಅರ್ಧ ಪಿಯುಸಿಯ ಪಿಸಿಎಂ ಅಂಕ, ಅರ್ಧ 180ಕ್ಕೆ ಬರೆದ ಸಿಇಟಿ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಆ ಬ್ಯಾಚಿಗೆ ಸಿಇಟಿ ಅಂಕದ ಮೇಲೇ ರ‍್ಯಾಂಕ್ ಕೊಟ್ಟರು. ಹಾಗಾದರೆ 2019ರ ನನ್ನ ರ‍್ಯಾಂಕನ್ನೂ 2021ರ ನನ್ನ ಜೂನಿಯರ್ ರ‍್ಯಾಂಕನ್ನೂ ಪಕ್ಕಪಕ್ಕ ಇಟ್ಟು ನೋಡೋದರಲ್ಲಿ ಏನು ಅರ್ಥ? ಆದರೆ ಫಾರ್ಮ್ ನೋಡುವವರಿಗೆ ಇದು ಗೊತ್ತಿರಲ್ಲ.

ಕೇಳಿದ್ದರೆ ಶೀಟಿನಲ್ಲಿ ಇದ್ದ ಹಾಗೆಯೇ ಹಾಕಿ. ಯಾವ ಪರೀಕ್ಷೆ, ಯಾವ ವರ್ಷ, ಯಾವ ಕೋರ್ಸಿನ ರ‍್ಯಾಂಕ್, ಎಷ್ಟಕ್ಕೆ ಎಷ್ಟು, ಎಲ್ಲವೂ ಇರಲಿ. ಜೆಇಇ ಮೇನ್‌ನಲ್ಲಿ ಎನ್‌ಟಿಎ ಸ್ಕೋರ್ ಅಂತ ಕೊಡೋದು ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದಿದ್ದಾರೆ ಅನ್ನೋದು. ಅದನ್ನು ಪರ್ಸೆಂಟ್ ಅಂತ ಬರೆದರೆ ಅದೂ ಸುಳ್ಳು ಮಾಹಿತಿಯೇ ಆಗುತ್ತದೆ. ಎಸ್‌ಎಟಿ ಈಗ 1600ಕ್ಕೆ, 2005ರಿಂದ 2016ರ ಆರಂಭದವರೆಗೆ 2400ಕ್ಕೆ ಇತ್ತು. ವಿದೇಶಕ್ಕೆ ಹಾಕುವವರು ಸುಮ್ನೆ 1500 ಅಂತ ಬರೆದರೆ ಓದುವವರು ಏನು ತಿಳಿಯಬೇಕು?

ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯ ಕಥೆ ಬೇರೆ. ಎನ್‌ಟಿಪಿಸಿ, ಪವರ್ ಗ್ರಿಡ್‌ನಂಥ ಸರ್ಕಾರಿ ಕಂಪನಿಗಳು ಗೇಟ್ ಮೇಲೇ ಆಯ್ಕೆ ಮಾಡುತ್ತಾ ಬಂದಿವೆ. ಅಲ್ಲಿ ಹಾಕಲೇಬೇಕು, ಅವರು ಹೇಳಿದ ವರ್ಷದ್ದೇ ಹಾಕಬೇಕು. ಸ್ಕೋರ್ ಮೂರು ವರ್ಷ ನಡೆಯುತ್ತದೆ ಅಂತ ಹಳೆಯದನ್ನು ತುಂಬಬೇಡಿ, ಎಂಟೆಕ್‌ಗೆ ಆದೀತು, ಇವರಿಗೆ ಆಗಲ್ಲ. 100ಕ್ಕೆ ಬಂದ ಮಾರ್ಕ್ಸ್ ಬೇರೆ, 1000ಕ್ಕೆ ಇರುವ ಸ್ಕೋರ್ ಬೇರೆ, ಆಲ್ ಇಂಡಿಯಾ ರ‍್ಯಾಂಕ್ ಬೇರೆ. ಕಾಲಂ ಯಾವುದು ಕೇಳಿದೆ ನೋಡಿ ತುಂಬಿ. ಸ್ಕೋರ್ ಕಾರ್ಡನ್ನು ಆ ವರ್ಷದ ಮೇ 31ರೊಳಗೆ ಇಳಿಸಿಟ್ಟುಕೊಳ್ಳಿ. ಆಮೇಲೆ ದುಡ್ಡು ಕಟ್ಟಬೇಕು, ಡಿಸೆಂಬರ್ ಕಳೆದರೆ ದುಡ್ಡು ಕಟ್ಟಿದರೂ ಕೊಡಲ್ಲ.