ಫೀಲ್ಡ್ ನೋಟ್ಸ್ ಆ್ಯಪ್: ‘ನಾನು’ ಕಾಲಂ ಚಲೋ ಐತಿ, ರಿಪೋರ್ಟ್‌ನಾಗ ಮಾತ್ರ ಮಾಯ (5ಕ್ಕೆ 3)

ಬಳ್ಳಾರಿ ಜೀನ್ಸ್ ಯೂನಿಟ್‌ಗಳಿಗೆ ಪೀಸ್ ಲೆಕ್ಕ ಇಡೋ ಆ್ಯಪ್ ಡಿಸೈನ್ ಮಾಡಾಕತ್ತೀವಿ, ಅದರ ಯೂಸರ್ ರಿಸರ್ಚ್‌ಗೆ ಅಂತ ಆಫೀಸಿನವ್ರು ಈ ನೋಟ್ಸ್ ಆ್ಯಪ್ ಕೊಡಿಸ್ಯಾರ. ಹೆಸರು ಬ್ಯಾಡ ಬಿಡ್ರಿ.

ಮೊದ್ಲು ಚಲೋದು. ಪ್ರತಿ ನೋಟ್‌ನಾಗ ಎರಡು ಭಾಗ, ಒಂದು ಕಂಡಿದ್ದು ಕೇಳಿದ್ದು, ಇನ್ನೊಂದು ‘ನಾನು’. ಯಾರ ಜೊತಿ ಹೋದ್ರಿ, ಎಲ್ಲಿ ಕುಂತ್ರಿ, ನಿಮ್ಮನ್ನ ಅವ್ರು ಯಾರು ಅನ್ಕೊಂಡ್ರು ಅಂತ ಕೇಳ್ತೈತಿ. ಜನರ ನಡುವ ಇದ್ದು ಅವ್ರ ಬದುಕು ನೋಡಿ ಬರಿಯೋದು ಎಥ್ನೋಗ್ರಫಿ; ಬರಿಯೋರು ತಾವು ಅಲ್ಲಿ ಇದ್ದಿದ್ದಕ್ಕ ಏನು ಬದಲಾತು ಅನ್ನೋದನ್ನೂ ಲೆಕ್ಕಕ್ಕ ತಗೊಂಡ್ರ ರಿಫ್ಲೆಕ್ಸಿವ್ ಎಥ್ನೋಗ್ರಫಿ ಅಂತಾರಲ್ಲ, ಅದೇ. ಕೌಲ್ ಬಜಾರ್ ಕಡೆ ಒಂದು ಯೂನಿಟ್‌ಗೆ ಓನರ್ ಜೊತಿ ಹೋದಾಗ ಹೊಲಿಯೋ ಅಕ್ಕಾರು ನಮ್ಮ ಪೀಸ್ ಲೆಕ್ಕದ ಆ್ಯಪ್ ಬಗ್ಗೆ "ಆ್ಯಪ್ ಭಾಳ ಚಲೋ ಐತ್ರಿ ಸರ್" ಅಂದ್ರು, ಆಮ್ಯಾಲ ಕರೆಂಟ್ ಹೋಗಿ ಮಷೀನ್ ನಿಂತು ಓನರ್ ಹೊರಗ ಹೋದ್ರು ನೋಡ್ರಿ, ಬಟ್ಟೆ ರಾಶಿ ಕೆಳಗಿಂದ ಒಂದು ಸಣ್ಣ ನೋಟ್‌ಬುಕ್ ತಗದು ತೋರಿಸಿದ್ರು, ಬಂಡಲ್‌ಗೊಂದು ಗೀಟು, ಐದನೇದು ಅಡ್ಡ ಗೀಟು, ಬಟವಾಡಿ ದಿನ ಆ್ಯಪ್ ಲೆಕ್ಕ ಇದಕ್ಕ ತಾಳೆ ಹಾಕ್ತಾರಂತ. ಅಂದ್ರ ಆ ‘ಚಲೋ ಐತ್ರಿ’ ಆ್ಯಪ್‌ಗೆ ಹೇಳಿದ್ದಲ್ಲ, ನನ್ನ ಬಾಜೂಕ ನಿಂತವ್ರಿಗೆ ಹೇಳಿದ್ದು.

ಆಫ್‌ಲೈನ್‌ನಾಗೂ ಓಡ್ತೈತಿ, ಬ್ಯಾಕಪ್ ಗಟ್ಟಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಾಗ ಮೈಸೂರು ಕಡೆ ಹಳ್ಳ್ಯಾಗ ಮಾಡಿದ ಕೆಲಸದ್ದು ಜೋಡಿಸಿಟ್ಟ ನೋಟ್ಸ್ 1970ರಾಗ ಸ್ಟ್ಯಾನ್‌ಫರ್ಡ್‌ನಾಗ ಬೆಂಕಿಗೆ ಹೋದ್ವು, ಅವ್ರು ನೆನಪಿಂದನ ಪುಸ್ತಕ ಬರದ್ರು, ತಾವು ಬ್ರಾಹ್ಮಣ ಆಗಿದ್ದಕ್ಕ ಊರಾಗ ಏನು ಕಾಣ್ತು ಏನು ಕಾಣ್ಲಿಲ್ಲ ಅನ್ನೋದನ್ನೂ ಸೇರ್ಸಿ. ನಮಗ ನಿನ್ನೆ ಉಂಡಿದ್ದು ನೆನಪಿರಲ್ಲ.

ಈಗ ತಕರಾರು. ರಿಪೋರ್ಟ್ ಬಟನ್ ಒತ್ತಿದ್ರ ‘ನಾನು’ ಭಾಗ ಪೂರ್ತಿ ಹೋಗಿಬಿಡ್ತೈತಿ! ಉಳಿಯೋದು "ಯೂಸರ್‌ಗೆ ಆ್ಯಪ್ ಇಷ್ಟ ಆಗಿದೆ" ಅನ್ನೋ ಒಂದು ಬುಲೆಟ್. ಜನ ಕಂಪ್ಯೂಟರ್ ಹೆಂಗ ಬಳಸ್ತಾರ ಅಂತ ಅಧ್ಯಯನ ಮಾಡೋ ಪಾಲ್ ಡೌರಿಶ್ 2006ರಾಗನ ಬರದಾರ, ಎಥ್ನೋಗ್ರಫಿನ ಕೊನಿಗೆ ಬರೋ ಡಿಸೈನ್ ಸಲಹೆ ಪಟ್ಟಿಯಿಂದ ಅಷ್ಟೇ ಅಳದ್ರ ಅದರಾಗಿನ ಅಸಲಿ ವಿಚಾರ ತಪ್ಪಿಹೋಗ್ತೈತಿ ಅಂತ, ಈ ಬಟನ್ ಅದನ್ನ ಒಂದೇ ಏಟಿಗೆ ಮಾಡಿ ತೋರಿಸ್ತೈತಿ. ಸಪೋರ್ಟ್‌ನವ್ರಿಗೆ ಮೇಲ್ ಹಾಕಿದ್ರ "ಅದು ನಿಮ್ಮ ಪರ್ಸನಲ್ ನೋಟ್ ಸರ್" ಅಂತ ಉತ್ತರ. ಪರ್ಸನಲ್ ಏನು ಬಂತು, ಅದಿಲ್ಲದ ಡೇಟಾ ಅರ್ಧ ಸುಳ್ಳು.

ಹಂಗಂತ ಎಲ್ಲಾನೂ ರಿಪೋರ್ಟ್‌ಗೆ ಸುರೀರಿ ಅಂತಿಲ್ಲ, ಅಕ್ಕಾರ ನೋಟ್‌ಬುಕ್ ವಿಷ್ಯ ಓನರ್ ಕಣ್ಣಿಗೆ ಬಿದ್ರ ಅವ್ರ ಕೆಲಸಕ್ಕ ಕುತ್ತು. ಯಾವ್ ಸಾಲು ಯಾರಿಗೆ ಹೋಗ್ಬೇಕು ಅಂತ ಟಿಕ್ ಹಾಕೋ ಆಪ್ಶನ್ ಕೊಟ್ರ ಸಾಕು.

ವಾಯ್ಸ್ ಟೈಪಿಂಗ್‌ಗೆ ನಮ್ಮ ಕಡೆ ಮಾತು ತಿಳಿಯಂಗಿಲ್ಲ, ಬಿಟ್ಟೇ ಬಿಟ್ಟೀನಿ. ಸದ್ಯಕ್ಕ ‘ನಾನು’ ಭಾಗದಾಗಿನ ಬೇಕಾದ ಸಾಲು ಕಾಪಿ ಮಾಡಿ ಮ್ಯಾಲಿನ ಭಾಗಕ್ಕ ಹಾಕ್ಕೊಂತೀನಿ. ತಗೊಳ್ಳೋದಾದ್ರ ತಿಂಗಳ ಪ್ಲಾನ್ ತಗೋರಿ, ವರ್ಷದ್ದು ಬ್ಯಾಡ.