ಬ್ರಿಟಿಷ್ ಮ್ಯೂಸಿಯಂನ ಲಾಕೀಷ್ ಕೋಣೆ: ತಪ್ಪದೆ ನೋಡಬೇಕಾದದ್ದು

ಬೈಬಲ್ ನಾಡುಗಳ ಪುರಾತತ್ವದಲ್ಲಿ ಆಸಕ್ತಿಯುಳ್ಳವರು ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನ ನೆಲಮಹಡಿಯಲ್ಲಿರುವ, ಲಾಕೀಷ್ ಎಂಬ ಪ್ರಾಚೀನ ಕೋಟೆನಗರದ ಮುತ್ತಿಗೆಯ ಶಿಲ್ಪಗಳನ್ನಿಟ್ಟ ಲಾಕೀಷ್ ಕೋಣೆಗೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕು. ಪ್ರವೇಶ ಉಚಿತ. ಅವಸರದ ಗುಂಪು ಪ್ರವಾಸಗಳು ರೊಸೆಟ್ಟಾ ಶಿಲೆ, ಈಜಿಪ್ಟಿನ ಮಮ್ಮಿಗಳನ್ನು ತೋರಿಸಿ ಮುಂದೆ ಸಾಗುವುದೇ ಹೆಚ್ಚು. ಆದ್ದರಿಂದ ಇಲ್ಲಿಗೆ ತಾವಾಗಿಯೇ ಬರುವುದು ಮೇಲು.

ಕ್ರಿ.ಪೂ. 701ರಲ್ಲಿ ಅಶ್ಶೂರದ (ಇಂದಿನ ಉತ್ತರ ಇರಾಕಿನಲ್ಲಿದ್ದ ಸಾಮ್ರಾಜ್ಯ) ಅರಸ ಸನ್ಹೇರೀಬನು ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದು, ಯೆರೂಸಲೇಮನ್ನು ಬಿಟ್ಟರೆ ಆ ರಾಜ್ಯದ ಪ್ರಮುಖ ಕೋಟೆಯಾಗಿದ್ದ ಲಾಕೀಷನ್ನು ಗೆದ್ದನು. ಆ ಗೆಲುವನ್ನು ತನ್ನ ರಾಜಧಾನಿ ನಿನೆವೆಯ ಅರಮನೆಯ ಕೋಣೆಯೊಂದರ ಗೋಡೆಯುದ್ದಕ್ಕೂ ಜಿಪ್ಸಂ ಚಪ್ಪಡಿಗಳಲ್ಲಿ ಕೆತ್ತಿಸಿದನು. 19ನೆಯ ಶತಮಾನದ ಮಧ್ಯದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಲೇಯಾರ್ಡ್ ಅಗೆದು ತೆಗೆದ ಆ ಚಪ್ಪಡಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿರುವುದರಿಂದ, ಎಡದಿಂದ ಬಲಕ್ಕೆ ನಡೆಯುತ್ತಾ ಇಡೀ ಮುತ್ತಿಗೆಯನ್ನು ಓದಿಕೊಂಡು ಹೋಗಬಹುದು.

ಇಳಿಜಾರು ದಿಬ್ಬದ ಮೇಲೆ ಕೋಟೆ ಒಡೆಯುವ ಯಂತ್ರ ಏರುತ್ತಿದೆ. ಮೇಲಿನಿಂದ ಉರಿಯುವ ಪಂಜುಗಳು ಬೀಳುತ್ತಿವೆ. ಯಂತ್ರಕ್ಕೆ ಬೆಂಕಿ ತಗಲದಂತೆ ಒಬ್ಬ ಸೈನಿಕ ಉದ್ದ ಹಿಡಿಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಈ ಒಂದು ವಿವರದ ಮುಂದೆಯೇ ಬಹಳ ಹೊತ್ತು ನಿಲ್ಲಬಹುದು. ಬಲಕ್ಕೆ ಸರಿದಂತೆ ಎತ್ತಿನ ಗಾಡಿಯ ಗಂಟುಮೂಟೆಗಳ ಮೇಲೆ ಕುಳಿತ ಹೆಂಗಸರು, ಮಕ್ಕಳು ಊರು ಬಿಡುತ್ತಿದ್ದಾರೆ. ನಮ್ಮ ವೀರಗಲ್ಲುಗಳಲ್ಲಿ ಮಡಿದವನನ್ನು ಅಪ್ಸರೆಯರಾದರೂ ಕರೆದೊಯ್ಯುತ್ತಾರೆ. ಇಲ್ಲಿ ಸೋತವರಿಗೆ ಅಂಥ ಯಾವ ಸಾಂತ್ವನವೂ ಇಲ್ಲ. ಕೊನೆಯಲ್ಲಿ ಸಿಂಹಾಸನದ ಮೇಲೆ ಸನ್ಹೇರೀಬನಿದ್ದಾನೆ, ಆದರೆ ಅವನ ಮುಖವನ್ನು ಯಾರೋ ಬೇಕೆಂದೇ ಕೆತ್ತಿ ಹಾಳುಮಾಡಿದ್ದಾರೆ.

ಹೋಗುವ ಮೊದಲು, ಈ ದಂಡಯಾತ್ರೆಯನ್ನು ಹೇಳುವ ಬೈಬಲಿನ ‘ಎರಡನೆಯ ಅರಸುಗಳು’ ಎಂಬ ಗ್ರಂಥದ 18ನೆಯ ಅಧ್ಯಾಯವನ್ನು ಓದಿಕೊಂಡಿರಬೇಕು. ಬಳಿಕ ಮೇಲ್ಮಹಡಿಯ ಮೆಸೊಪೊಟೇಮಿಯ ವಿಭಾಗದಲ್ಲಿರುವ ಟೇಲರ್ ಪ್ರಿಸಂ ಎಂಬ ಆರು ಮುಖದ ಮಣ್ಣಿನ ಶಾಸನವನ್ನೂ ನೋಡಿದರೆ ಈ ಭೇಟಿ ಪೂರ್ಣವಾಗುತ್ತದೆ. 46 ಕೋಟೆಗಳನ್ನು ಗೆದ್ದೆ, ಯೆಹೂದದ ಅರಸ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಪಕ್ಷಿಯಂತೆ ಕೂಡಿಹಾಕಿದೆ ಎಂದು ಸನ್ಹೇರೀಬನು ಅಲ್ಲಿ ಹೇಳಿಕೊಂಡಿದ್ದಾನೆ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಹಿಜ್ಕೀಯನು ಕಪ್ಪವಾಗಿ ತೆತ್ತ ಬಂಗಾರ 30 ತಲಾಂತು (ಅಂದಿನ ತೂಕದ ಅಳತೆ) ಎಂದು ಬೈಬಲ್ ಮತ್ತು ಶಾಸನ ಎರಡೂ ಹೇಳುತ್ತವೆ. ಬೆಳ್ಳಿಯ ಲೆಕ್ಕ ಮಾತ್ರ ಬೈಬಲಿನಲ್ಲಿ 300, ಶಾಸನದಲ್ಲಿ 800. ಇನ್ನು, ಮುತ್ತಿಗೆಗಾಗಿ ಕಲ್ಲು ಸುರಿದು ಕಟ್ಟಿದ ದಿಬ್ಬ ಇಸ್ರೇಲಿನ ಲಾಕೀಷ್ ದಿಣ್ಣೆಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿನ ಉತ್ಖನನದಲ್ಲಿ ಬಾಣದ ಮೊನೆಗಳೂ ಕವಣೆಕಲ್ಲುಗಳೂ ಸಿಕ್ಕಿವೆ. ಗ್ರಂಥ, ಶಾಸನ, ಶಿಲ್ಪ, ಮಣ್ಣು ನಾಲ್ಕೂ ಒಂದೇ ಘಟನೆಗೆ ಸಾಕ್ಷಿ ನುಡಿಯುವುದು ಬಹಳ ಅಪರೂಪ. ಧರ್ಮಶ್ರದ್ಧೆ ಇದ್ದವರಿಗೂ ಇಲ್ಲದವರಿಗೂ ನಾನು ಈ ಕೋಣೆಯನ್ನು ಸಮಾನವಾಗಿ ಶಿಫಾರಸು ಮಾಡುವುದು ಇದೇ ಕಾರಣಕ್ಕೆ.

ಸೆರೆಯಾಳುಗಳ ಚರ್ಮ ಸುಲಿಯುವ ದೃಶ್ಯವೂ ಶಿಲ್ಪದಲ್ಲಿರುವುದರಿಂದ, ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಮೊದಲೇ ತಿಳಿದಿರುವುದು ಒಳಿತು.