ಮಾದರಿಯ ಪಟ್ಟಿ ನೋಡಿ ಹಾಯಿ ಹೊಲಿಸಬೇಡಿ

ಹಳೆಯ ಕುಟುಂಬ ಹಾಯಿದೋಣಿಗೆ ಹೊಸ ಹಾಯಿ ಮಾಡಿಸಲು ಹೊರಟವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಮ್ಮ ದೋಣಿಯ ಮೇನ್‌ಸೇಲ್ (ಕಂಬದ ಹಿಂದಿನ ಮುಖ್ಯ ಹಾಯಿ) ಮತ್ತು ಜೆನೊವಾ (ಕಂಬದ ಮುಂದಿನ ದೊಡ್ಡ ಹಾಯಿ) ಎರಡನ್ನೂ ಹೊಲಿಯಲು ಒಪ್ಪಿದ ತಯಾರಕರು ಮಾದರಿಯ ಹೆಸರನ್ನಷ್ಟೇ ಕೇಳಿಕೊಂಡು, ಆ ಮಾದರಿಯ ಅಳತೆಗಳೆಲ್ಲ ತಮ್ಮಲ್ಲಿವೆ ಎಂದು ಭರವಸೆ ಕೊಟ್ಟರೇ ಹೊರತು ದೋಣಿಗೆ ಒಮ್ಮೆಯೂ ಟೇಪು ಹಿಡಿಯಲಿಲ್ಲ. ಅವರ ಪಟ್ಟಿಯಲ್ಲಿದ್ದದ್ದು ಎತ್ತರದ ಹಾಯಿಕಂಬವಿರುವ ಆವೃತ್ತಿಯ ಅಳತೆ. ನಮ್ಮದು ಸಾಮಾನ್ಯ ಕಂಬ.

ಮೇನ್‌ಸೇಲ್‌ನ ಲಫ್, ಅಂದರೆ ಕಂಬಕ್ಕೆ ಸೇರುವ ಅಂಚು, ಎಷ್ಟು ಉದ್ದವಾಗಿತ್ತೆಂದರೆ ಹಾಯಿಯ ತಲೆ ನೆತ್ತಿಯ ರಾಟೆಯನ್ನು ಮುಟ್ಟಿದ ಮೇಲೂ ಅಂಚು ಬಿಗಿಯಾಗದೆ ಸುಕ್ಕುಗಟ್ಟಿ ನಿಲ್ಲುತ್ತಿತ್ತು. ಲಫ್ ಬಿಗಿಯಾಗದಿದ್ದರೆ ಗಾಳಿ ಹೆಚ್ಚಿದಂತೆ ಹಾಯಿಯ ಉಬ್ಬು ಹಿಂದಕ್ಕೆ ಸರಿಯುತ್ತದೆ, ದೋಣಿ ಅಗತ್ಯಕ್ಕಿಂತ ಹೆಚ್ಚು ವಾಲುತ್ತದೆ, ಚುಕ್ಕಾಣಿ ಹಿಡಿದವರ ತೋಳು ಸೋಲುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಯಲ್ಲಿ ಇದು ಬರೀ ಅಂದದ ಪ್ರಶ್ನೆಯಲ್ಲ. ಜೆನೊವಾದ ಕಥೆಯೂ ಇದೇ ಆಗಿತ್ತು.

ಎಲ್ಲ ಲೆಕ್ಕವೂ ನಿಂತಿರುವುದು ನಾಲ್ಕು ಅಳತೆಗಳ ಮೇಲೆ. ಡೆಕ್ಕಿನಿಂದ ಮುಂದಿನ ಹಾಯಿಯನ್ನು ಏರಿಸುವ ಹಗ್ಗದ, ಅಂದರೆ ಹ್ಯಾಲಿಯರ್ಡ್‌ನ, ರಾಟೆಯವರೆಗಿನ ಎತ್ತರ ‘ಐ’, ಕಂಬದ ಮುಂಭಾಗದಿಂದ ಫೋರ್‌ಸ್ಟೇಯ (ಕಂಬವನ್ನು ಮುಂದಿನಿಂದ ಹಿಡಿದಿಡುವ ತಂತಿ) ಬುಡದವರೆಗಿನ ಅಡ್ಡ ದೂರ ‘ಜೆ’, ಮೇನ್‌ಸೇಲ್ ಏರಬಹುದಾದ ಗರಿಷ್ಠ ಉದ್ದ ‘ಪಿ’, ಬೂಮಿನ, ಅಂದರೆ ಹಾಯಿಯ ಕೆಳಗಿನ ಅಡ್ಡಗೋಲಿನ, ಮೇಲೆ ಅದರ ಪಾದ ಚಾಚಬಹುದಾದ ಗರಿಷ್ಠ ಉದ್ದ ‘ಇ’. ‘ಐ’ 12.5 ಮೀಟರ್, ‘ಜೆ’ 3.5 ಮೀಟರ್ ಇದ್ದರೆ ಮುಂದಿನ ತ್ರಿಕೋನದ ವಿಸ್ತೀರ್ಣ ಸುಮಾರು 21.9 ಚದರ ಮೀಟರ್ ಆಗುತ್ತದೆ, ಫೋರ್‌ಸ್ಟೇ ಸುಮಾರು 13 ಮೀಟರ್ ಬರುತ್ತದೆ. ವಿಸ್ತೀರ್ಣವನ್ನು ಹೋಲಿಸಿ ನೋಡಲು ಇಷ್ಟು ಸಾಕು, ಬಟ್ಟೆ ಕತ್ತರಿಸಲು ಖಂಡಿತ ಸಾಲದು. ಆ 13 ಮೀಟರಿನಲ್ಲಿ ಹಾಯಿಯನ್ನು ಸುರುಳಿ ಸುತ್ತುವ ಫರ್ಲರ್‌ನ ಡ್ರಮ್ಮು, ಮೇಲೆ ಹಾಯಿಯ ತಲೆಯೊಂದಿಗೆ ತಿರುಗುವ ಸ್ವಿವೆಲ್, ಕೊಂಡಿಗಳು ಎಲ್ಲವೂ ಪಾಲು ಕೇಳುತ್ತವೆ. ಹಾಗೆಂದು ಜೆನೊವಾವನ್ನು ಸುಮ್ಮನೆ ಗಿಡ್ಡ ಮಾಡಿಸುವುದೂ ಕ್ಷೇಮವಲ್ಲ: ಸ್ವಿವೆಲ್ ತೀರ ಕೆಳಗೆ ನಿಂತರೆ ಹ್ಯಾಲಿಯರ್ಡ್ ಫೋರ್‌ಸ್ಟೇಗೆ ಸುತ್ತಿಕೊಂಡು, ಗಾಳಿ ಏರುತ್ತಿರುವಾಗಲೇ ಹಾಯಿ ಸುರುಳಿಯಾಗದೆ ಹೋಗಬಹುದು.

ಒಂದೇ ಮಾದರಿಯೆಂದರೆ ಒಂದೇ ಅಳತೆಯೆಂದು ಯಾರು ಹೇಳಿದರೂ ನಂಬಬೇಡಿ. ಕ್ಯಾಟಲಿನಾ 30 ದೋಣಿಯನ್ನೇ ನೋಡಿ, ಅದು ಸಾಮಾನ್ಯ ಕಂಬದಲ್ಲೂ ಎತ್ತರದ ಕಂಬದಲ್ಲೂ ಬಂದಿದೆ, ಕೆಲವಕ್ಕೆ ಮೂತಿಯಿಂದ ಮುಂದೆ ಚಾಚಿದ ಕೋಲು, ಅಂದರೆ ಬೌಸ್ಪ್ರಿಟ್, ಕೂಡ ಇದೆ. ಇದರ ಮೇಲೆ ದಶಕಗಳಲ್ಲಿ ಕೈ ಬದಲಾದ ದೋಣಿಗಳಲ್ಲಿ ಬೂಮನ್ನೋ ಕಂಬವನ್ನೋ ಬದಲಿಸಿರುವುದು ಅಪರೂಪವೇನಲ್ಲ. ದಶಮಾಂಶದ ಅಡಿಗಳೂ ಮೋಸ ಮಾಡುತ್ತವೆ, 38.10 ಅಡಿ ಎಂದರೆ 38 ಅಡಿ 1 ಇಂಚಿಗಿಂತ ಸ್ವಲ್ಪ ಹೆಚ್ಚು, ಅದನ್ನು 38 ಅಡಿ 10 ಇಂಚು ಎಂದು ಓದಿಕೊಂಡರೆ 22 ಸೆಂಟಿಮೀಟರ್ ವ್ಯತ್ಯಾಸ. ಕಂಬವನ್ನು ಹಿಡಿದಿಡುವ ತಂತಿ ಹಗ್ಗ ಬದಲಿಸುವವರಿಗೂ ಇದೇ ಎಚ್ಚರ ಬೇಕು: ಕಾಲು ಇಂಚಿನ ತಂತಿ 6.35 ಮಿಲಿಮೀಟರ್, ಅದಕ್ಕಾಗಿ ಮಾಡಿದ ಟರ್ಮಿನಲ್‌ಗೆ (ತಂತಿಯ ತುದಿಯ ಜೋಡಣೆಗೆ) 6 ಮಿಲಿಮೀಟರ್ ತಂತಿ ಹೊಂದುವುದಿಲ್ಲ.

ನಮ್ಮ ತಯಾರಕರು ಆದೇಶಪತ್ರದ ಸಣ್ಣಕ್ಷರದ ಷರತ್ತನ್ನು ತೋರಿಸಿ, ಅಳತೆಯ ಹೊಣೆ ಗ್ರಾಹಕರದ್ದೆಂದು ಕೈತೊಳೆದುಕೊಂಡರು. ಬೇರೆಯವರಿಂದ ಮೇನ್‌ಸೇಲನ್ನು ಕೆಳಗಿನಿಂದ ಕತ್ತರಿಸಿ ಗಿಡ್ಡ ಮಾಡಿಸಿದ್ದಾಯಿತು, ಆದರೆ ಗಾಳಿ ಹೆಚ್ಚಾದಾಗ ಹಾಯಿಯನ್ನು ಕುಗ್ಗಿಸಿ ಕಟ್ಟುವ ರೀಫ್ ಕಣ್ಣುಗಳೆಲ್ಲ ಬೂಮಿಗೆ ಹತ್ತಿರವಾಗಿ, ಮೊದಲ ರೀಫ್ ಈಗ ಹೆಸರಿಗಷ್ಟೇ ಉಳಿದಿದೆ.

ಗಾಳಿಯಿಲ್ಲದ ದಿನ ಉಕ್ಕಿನ ಟೇಪನ್ನು ಹ್ಯಾಲಿಯರ್ಡ್‌ಗೆ ಕಟ್ಟಿ, ಕೆಳಗೆಳೆಯಲು ಇನ್ನೊಂದು ಹಗ್ಗವನ್ನೂ ಸೇರಿಸಿ, ಹಾಯಿಯ ತಲೆ ನಿಲ್ಲುವ ಜಾಗದವರೆಗೆ ಏರಿಸಿ ಅಳೆಯಿರಿ. ಬಟ್ಟೆಯ ಟೇಪು ಹಿಗ್ಗುತ್ತದೆ. ಹಾಯಿಯ ಮುಂದಿನ ಕೆಳಮೂಲೆಯನ್ನು ಸಿಕ್ಕಿಸುವ ಟ್ಯಾಕ್ ಪಿನ್ ಕಂಬದಿಂದ ಎಷ್ಟು ಹಿಂದಿದೆ, ಕಂಬದ ತೋಡಿನಲ್ಲಿ ಕೂರುವ ಸ್ಲೈಡು ಯಾವ ಗಾತ್ರದ್ದು ಎಂಬುದನ್ನೂ ಬರೆದಿಡಿ. ಇಷ್ಟಾದ ಮೇಲೂ ತಯಾರಕರೇ ದೋಣಿಗೆ ಬಂದು ಅಳೆಯಲಿ, ಅಳೆದವರು ತಾವೇ ಎಂದು ಆದೇಶಪತ್ರದಲ್ಲಿ ಬರೆದು ಸಹಿ ಹಾಕಲಿ. ಅದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ.